ಗುರುಲಿಂಗವ್ವ ಕೊಟ್ಟ ಎರಡು ಮಾತು

ನಮ್ಮ ಮನೆಯ ಹಿತ್ತಲ ಬಾಗಿಲಿನಿಂದ ಕಾಲುವೆಗೆ ಇಪ್ಪತ್ತೆರಡು ಹೆಜ್ಜೆ. ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ಅದನ್ನು ಎಣಿಸುವ ಪ್ರಸಂಗ ಬಂದಿರಲಿಲ್ಲ. ಮಗಳು ಮಾಯಾ ಗೋಡೆ ಬಿಟ್ಟು ಎರಡು ಹೆಜ್ಜೆ ಇಟ್ಟ ದಿನ ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಹಿತ್ತಲಿಗೆ ಹೋಗಿ ಎಣಿಸಿ ಬಂದೆ.

ಹುಬ್ಬಳ್ಳಿಯಲ್ಲಿ ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿ ಬೆಳೆದವಳು ನಾನು. ಅಲ್ಲಿ ಭಯವೆಂದರೆ ಮೆಟ್ಟಿಲು. ಅಪ್ಪ ಅದಕ್ಕೊಂದು ಸಣ್ಣ ಗೇಟು ಹಾಕಿಸಿದ್ದರು. ಬಾದಾಮಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ಈ ಊರಿನಲ್ಲಿ ಕಾಲುವೆಗೆ ಯಾರು ಗೇಟು ಹಾಕಿಸುತ್ತಾರೆ? ಗಂಡ ಪ್ರವೀಣಕುಮಾರ ಬಾದಾಮಿಯ ಹೈಸ್ಕೂಲೊಂದರಲ್ಲಿ ಮಾಸ್ತರು, ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಅತ್ತೆಯವರಿಗೆ ಮೊಣಕಾಲು ನೋವು, ಓಡಲಾರರು. ಹಗಲೆಲ್ಲ ಆ ಬಾಗಿಲಿನ ಚಿಲಕವನ್ನು ನೋಡುತ್ತ ಕೂಡುವುದೇ ನನ್ನ ಕೆಲಸವಾಗಿತ್ತು. ಹಾಕಿದ್ದೇನೆಂದು ಗೊತ್ತಿದ್ದರೂ ಮತ್ತೊಮ್ಮೆ ಎದ್ದು ಹೋಗಿ ಮುಟ್ಟಿ ನೋಡುತ್ತಿದ್ದೆ.

ಆ ಕಾಲುವೆಯ ದೆಸೆಯಿಂದಲೇ ಗುರುಲಿಂಗವ್ವನ ಪರಿಚಯವಾದದ್ದು, ಅದೂ ಜಗಳದಿಂದ. ಈ ಊರಿನಲ್ಲಿ ನಾನು ಯಾರಿಗಾದರೂ ಋಣಿಯಾಗಿದ್ದರೆ ಮೊದಲು ಆಕೆಗೆ. ಆಕೆಯ ಬಗ್ಗೆ ಬರೆಯುವುದು ಸುಲಭವಲ್ಲ, ಯಾಕೆಂದರೆ ಹೇಳಿಕೊಳ್ಳುವಂಥದ್ದೇನೂ ಆಕೆ ಮಾಡಿಲ್ಲ, ಆಕೆಯ ಪ್ರಕಾರ.

ವಯಸ್ಸು ಅರವತ್ತಮೂರು. ಸಣಕಲು ಮೈ, ಹಣೆಯ ತುಂಬ ವಿಭೂತಿ, ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿದ ಇಲಕಲ್ ಸೀರೆ. ಮೂವತ್ತು ವರ್ಷ ಊರಿನ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಕಾಲುವೆ ದಂಡೆಯ ಮನೆಗಳಿಂದ ಮಕ್ಕಳನ್ನು ಕರೆದುಕೊಂಡು ಹೋಗುವುದು, ಅವರಿಗೆ ಉಪ್ಪಿಟ್ಟು ಮಾಡಿ ಹಾಕುವುದು, ಮಧ್ಯಾಹ್ನ ಮತ್ತೆ ಮನೆಮನೆಗೆ ಮುಟ್ಟಿಸುವುದು. ನಿವೃತ್ತಿಯಾದ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕಾಲುಗಳು ತಾವಾಗಿಯೇ ದಂಡೆಗೆ ಹೋದವಂತೆ. ಕರೆದೊಯ್ಯಲು ಮಕ್ಕಳಿಲ್ಲ. ಖಾಲಿ ಕೈಯಲ್ಲಿ ಹೇಗೆ ತಿರುಗಿ ಬರುವುದೆಂದು ನೀರಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಗೊಬ್ಬರದ ಚೀಲವನ್ನು ಎಳೆದು ದಂಡೆಗೆ ಹಾಕಿ ಬಂದರು. ಶುರುವಾದದ್ದು ಇಷ್ಟೇ. ಅವರ ಹೊಲವೊಂದೂ ಈ ಕಾಲುವೆಯ ಕೆಳಗಿಲ್ಲ. ಇರುವ ಎರಡೆಕರೆ ಗುಡ್ಡದ ಆಚೆ ಇದೆ.

ಒಬ್ಬರಿದ್ದದ್ದು ವರ್ಷದೊಳಗೆ ಒಂಬತ್ತು ಜನರಾದರು. ದಿನ ಸೋಮವಾರ. ನಮ್ಮ ಕಡೆ ಸೋಮವಾರ ಬಸವಣ್ಣನ ದಿನ, ಯಾರೂ ಎತ್ತು ಹೂಡುವುದಿಲ್ಲ. ಊರಿನಲ್ಲೀಗ ಎತ್ತುಗಳು ಬೆರಳೆಣಿಕೆಯಷ್ಟು, ಆದರೂ ಪದ್ಧತಿ ಬಿಟ್ಟಿಲ್ಲ. ಟ್ರ್ಯಾಕ್ಟರಿನ ಅಕ್ಬರಸಾಬ ಹೇಳುತ್ತಿದ್ದ: "ಸೋಮವಾರ ನನ್ನ ಯಾರೂ ಬಾಡಿಗಿಗೆ ಕರ್ಯಾಂಗಿಲ್ರಿ. ಹಿಂಗಾಗಿ ನನ್ನ ಟ್ರ್ಯಾಕ್ಟರನೂ ಬಸವಣ್ಣ ಆಗೇತಿ. ಅದು ಮನ್ಯಾಗ ನಿಂತು ಮೆಲುಕು ಹಾಕ್ತೈತಿ, ನಾ ಇಲ್ಲಿ ಬಂದು ಹೂಳು ಎತ್ತತೇನಿ."

ಕಾಲುವೆಯೆಂದರೆ ದೊಡ್ಡ ಕಾಲುವೆಯಲ್ಲ, ಅದರಿಂದ ಒಡೆದು ಬರುವ ಮರಿಗಾಲುವೆ. ಮೂರು ಕಿಲೋಮೀಟರು. ಊರಿನವರ ಬಾಯಲ್ಲಿ ಅದಕ್ಕೊಂದು ತಲೆ, ಒಂದು ಬಾಲ. ತಲೆಯ ಕಡೆಯ ಹೊಲಗಳಿಗೆ ಬೇಕಾದಷ್ಟು ನೀರು. ಬಾಲದ ಕಡೆಯ ನಾಲ್ಕು ಹೊಲಗಳಿಗೆ ಆರು ವರ್ಷದಿಂದ ಹನಿ ನೀರು ಹೋಗಿರಲಿಲ್ಲ. ಗುರುಲಿಂಗವ್ವ ಆ ಬಾಲದಿಂದ ಸ್ವಚ್ಛ ಮಾಡಲು ಶುರುಮಾಡಿದರು. ಒಣಗಿ ಬಿರಿದ ಕಾಲುವೆಯಲ್ಲಿ ಒಂಬತ್ತು ಜನ ಹೂಳು ಎತ್ತುವುದನ್ನು ಕಂಡು ತಲೆಯ ಕಡೆ ಹೊಲವಿರುವ ರಾಚಪ್ಪ ಮೋಟಾರ್‌ ಸೈಕಲ್ ನಿಲ್ಲಿಸಿಕೊಂಡು ನಕ್ಕನಂತೆ.

"ಏನಬೇ ಅವ್ವಾ, ತಲಿ ಬಿಟ್ಟು ಬಾಲಕ್ಕ ಎಣ್ಣಿ ಹಚ್ಚಾಕ ಹತ್ತೀರಿ?"

"ತಲಿಗೆ ಹಚ್ಚಿಕೊಳ್ಳಾಕ ನಿನಗ ಕೈ ಅದಾವಲ್ಲಪಾ. ಬಾಲಕ್ಕ ಯಾರದಾರ?"

ಬಾಲದಿಂದಲೇ ಯಾಕೆ ಎಂದು ಆಮೇಲೊಮ್ಮೆ ನಾನೂ ಅವರನ್ನು ಕೇಳಿದೆ. ಅಂಗನವಾಡಿಯ ಉಪ್ಪಿಟ್ಟಿನ ಕಥೆ ಹೇಳಿದರು. ಮುಂದಿನ ಸಾಲಿನಿಂದ ಬಡಿಸಿದರೆ ಹಿಂದಿನ ಸಾಲಿಗೆ ಹೋಗುವಷ್ಟರಲ್ಲಿ ಪಾತ್ರೆಯ ತಳ ಕೆರೆಯಬೇಕು, ಹಿಂದಿನ ಮಕ್ಕಳು ಬಾಯಿ ಬಿಟ್ಟು ಕೇಳುವುದೂ ಇಲ್ಲ. ಹಿಂದಿನ ಸಾಲಿನಿಂದ ಬಡಿಸುತ್ತ ಬಂದರೆ ಮುಂದಿನವರು ತಾವೇ ತಟ್ಟೆ ಬಡಿದು ಕೇಳುತ್ತಾರೆ. "ರಾಚಪ್ಪನೂ ನನ್ನ ಅಂಗನವಾಡ್ಯಾಗ ಇದ್ದಾಂವನ. ಆಗೂ ಮುಂದಿನ ಸಾಲ್ನ್ಯಾಗ ಕುಂದರ್ತಿದ್ದ," ಎಂದರು.

ಬಾಲದಿಂದ ಶುರುವಾದ ಕೆಲಸ ಹೋದ ವರ್ಷ ಹಿಂಗಾರಿನ ಹೊತ್ತಿಗೆ ನಮ್ಮ ಹಿತ್ತಲಿಗೆ ಬಂದು ಮುಟ್ಟಿತು. ನಮ್ಮ ಹಿತ್ತಲಿಗೂ ಕಾಲುವೆಗೂ ನಡುವೆ ಬಳ್ಳಾರಿ ಜಾಲಿಯ ದಟ್ಟ ಪೊದೆಯೊಂದಿತ್ತು. ಸೋಮವಾರ ಬೆಳಿಗ್ಗೆ ಮಾಯಾಳಿಗೆ ರಾಗಿ ಗಂಜಿ ಕುಡಿಸುತ್ತಿದ್ದೆ. ಕೊಡಲಿಯ ಸಪ್ಪಳ ಕೇಳಿತು. ಮಗುವನ್ನು ಸೊಂಟಕ್ಕೇರಿಸಿಕೊಂಡು ಓಡಿದೆ.

"ಕಡೀಬ್ಯಾಡ್ರಿ. ದಯಮಾಡಿ ಕಡೀಬ್ಯಾಡ್ರಿ."

ಕೊಡಲಿ ಹಿಡಿದಿದ್ದ ಅಕ್ಬರಸಾಬ ನನ್ನನ್ನೂ ಜಾಲಿಯನ್ನೂ ನೋಡಿದ. "ತಂಗಿ, ಇದು ಜಾಲಿ ಐತಿ. ತುಳಸಿಕಟ್ಟಿ ಅಲ್ಲ."

"ಏನರ ಇರ್ಲಿ. ನನ್ನ ಕೂಸಿಗೆ ಇದೊಂದ ಬೇಲಿ ಐತ್ರಿ."

ಒಬ್ಬಿಬ್ಬರು ನಕ್ಕರು. ಜಾಲಿಯ ಬೇರು ಕಾಲುವೆಯ ಕಲ್ಲು ಸೀಳುತ್ತದೆ, ಹಿತ್ತಲ ಪಕ್ಕದ ಬಂಡಿದಾರಿಯ ಕೆಳಗಿನ ಪೈಪಿನ ಬಾಯಿಗೆ ನುಗ್ಗಿ ನೀರು ತಡೆಯುತ್ತದೆ ಎಂದು ಅಕ್ಬರಸಾಬ ಹೇಳುತ್ತಿದ್ದ. ನನಗೆ ಒಂದೂ ಕಿವಿಗೆ ಬೀಳುತ್ತಿರಲಿಲ್ಲ. ಕಣ್ಣಲ್ಲಿ ನೀರು ಬರುವ ಹಾಗಾಗಿತ್ತು. ಕಲಿತ ಹುಡುಗಿ ಜಾಲಿಗಾಗಿ ಅಳುತ್ತಾಳೆಂದು ಊರೆಲ್ಲ ಆಡಿಕೊಳ್ಳುತ್ತದೆಂದೂ ಗೊತ್ತಿತ್ತು.

ಗುರುಲಿಂಗವ್ವ ಹೂಳಿನ ಬುಟ್ಟಿ ಕೆಳಗಿಟ್ಟು ಹತ್ತಿರ ಬಂದರು. ಮಾಯಾಳ ಕಾಲನ್ನು ಒಮ್ಮೆ ಹಿಡಿದು ನೋಡಿದರು, ನಮ್ಮ ಬಾಗಿಲ ಕಡೆಗೆ ನೋಡಿದರು.

"ಬಾಗಲದಿಂದ ಎಷ್ಟು ಹೆಜ್ಜಿ ಐತಿ?"

"ಇಪ್ಪತ್ತೆರಡು ರೀ."

ಅವರು ನಗಲಿಲ್ಲ. ಅಷ್ಟು ಸಾಕಾಗಿತ್ತು ನನಗೆ. "ಅಕ್ಬರ, ಕೊಡ್ಲಿ ಇಳಸು," ಎಂದರು. "ಈ ಯವ್ವ ತಾನಾಗಿ ಹೂಂ ಅನ್ನೂಮಟ ಇಲ್ಲಿ ಯಾರೂ ಕಡ್ಯಾಕ ಬರಬ್ಯಾಡ್ರಿ. ನಾ ಮಾತ ಕೊಟ್ಟೇನಿ."

"ಪೈಪಿನಾಗ ಬೇರು ಹೊಕ್ಕಾವಬೇ."

"ಹೊಕ್ಕಿರ್ಲಿ. ಕೈ ಹಾಕಿ ಎಷ್ಟು ಬರ್ತಾವ ಅಷ್ಟು ತಗಿ."

ಅಂದು ಆಕೆ ಕೊಟ್ಟದ್ದು ಒಂದು ಮಾತು. ಎರಡನೆಯದನ್ನು ಮುಂದಿನ ತಿಂಗಳು ಕೊಟ್ಟದ್ದು ದಸ್ತಗೀರಬಿಗೆ.

ದಸ್ತಗೀರಬಿ ಕಾಲುವೆಯ ಕಟ್ಟಕಡೆಯ ಹೊಲದವಳು, ಐವತ್ತರ ಆಸುಪಾಸು. ಅಡುಗೆ ಮಾಡುವಾಗಲೂ ಮಾತು ನಿಲ್ಲಿಸದ ಹೆಂಗಸು. ಸೋಮವಾರ ಒಂದನ್ನೂ ತಪ್ಪಿಸಿದವಳಲ್ಲ. ಆರು ವರ್ಷ ಮಳೆ ಕೊಟ್ಟದ್ದನ್ನಷ್ಟೇ ಬೆಳೆದಿದ್ದಳು. ಡಿಸೆಂಬರಿನಲ್ಲಿ ಚಹಾದ ಹೊತ್ತಿಗೆ ಆಕೆ ಕೇಳಿದಳು:

"ಯಕ್ಕಾ, ಈ ಸಲ ಉಳ್ಳಾಗಡ್ಡಿ ಸಸಿ ಹಚ್ಚಲೇನು? ನೀರು ನನ್ನ ಬದುವಿಗೆ ಬರ್ತೈತಂತಿಯೇನು?"

"ಹಚ್ಚು. ಈ ಪಾಳಿಗೆ ನೀರು ನಿನ್ನ ಹೊಲಕ್ಕ ಬರ್ತೈತಿ."

"ಖರೆ?"

"ಖರೆ."

ದಸ್ತಗೀರಬಿ ಕಾಲುವೆಯ ಪಕ್ಕದ ತುಂಡಿನಲ್ಲಿ ಹತ್ತು ಮಡಿ ಮಾಡಿದಳು. ಮಡಿಯೆಂದರೆ ಸುತ್ತ ಸಣ್ಣ ಬದು ಏರಿಸಿದ ಪಾತಿ. ಅಷ್ಟರಲ್ಲೂ ಈರುಳ್ಳಿ ಸಸಿ ಹಚ್ಚಿದಳು. ನಾಟಿಯ ದಿನದ ನೀರನ್ನು ಪಕ್ಕದವರ ಬೋರಿನಿಂದ ಬೇಡಿಕೊಂಡಳು. ಅಷ್ಟಕ್ಕೇ ಆ ಬೋರು ಏದುಸಿರು ಬಿಟ್ಟಿತು. ಇನ್ನು ಆ ಸಸಿಗಳಿಗೆ ಇದ್ದದ್ದು ಕಾಲುವೆಗೆ ಸರದಿಯ ಮೇಲೆ ನೀರು ಬಿಡುವ ಪಾಳಿ ಒಂದೇ, ಪಾಳಿಯ ಹಿಂದೆ ಗುರುಲಿಂಗವ್ವನ ಮಾತು ಒಂದೇ.

ಈಗ ನನ್ನ ತಪ್ಪನ್ನು ಬರೆಯಬೇಕು. ಬಿಟ್ಟರೆ ಗುರುಲಿಂಗವ್ವನನ್ನು ಅರ್ಧ ಹೇಳಿದ ಹಾಗಾಗುತ್ತದೆ.

ಮಾಯಾಳಿಗೆ ನಾನು ಅಂಗಡಿಯ ಡೈಪರ್ ಹಾಕುತ್ತಿದ್ದೆ. ಬಳಸಿದ್ದನ್ನು ಏನು ಮಾಡುವುದು? ಒಂದು ಸಲ ಗಂಡ ಹಿತ್ತಲ ಕಸದೊಂದಿಗೆ ಸುಟ್ಟರು. ಅತ್ತೆಯವರು ಗಾಬರಿಯಾಗಿ, "ಕೂಸಿನ ಮೈಗೆ ಹತ್ತಿದ್ದು ಸುಡತಾರೇನೋ? ಕೂಸಿನ ಮೈ ಉರೀತೈತಿ," ಎಂದರು. ನಾನು ಬಿ.ಎಸ್ಸಿ. ಓದಿದವಳು, ನಕ್ಕುಬಿಟ್ಟೆ. ಮರುದಿನ ಮಾಯಾಳ ತೊಡೆಯ ಸಂದಿಯಲ್ಲಿ ಕೆಂಪು ಗಂಧೆ ಎದ್ದವು. ಬಾದಾಮಿಯ ದವಾಖಾನೆಯಲ್ಲಿ ಡಾಕ್ಟರು, ಬೆವರು ನಿಂತು ಹೀಗಾಗಿದೆ ಎಂದು ಮುಲಾಮು ಕೊಟ್ಟರು. ಅವರು ಹೇಳಿದ್ದು ನಿಜವೆಂದು ನನಗೆ ಗೊತ್ತು. ಆದರೆ ಅಂದಿನಿಂದ ಸುಡಲು ಕೈ ಬರಲಿಲ್ಲ. ಪಂಚಾಯಿತಿಯ ಕಸದ ಗಾಡಿಗೆ ಕೊಟ್ಟರೆ ಅವರೂ ಎಲ್ಲೋ ಒಯ್ದು ಬೆಂಕಿ ಹಚ್ಚಿಬಿಟ್ಟರೆ ಎಂಬ ಚಿಂತೆ. ಮಣ್ಣಿನಲ್ಲಿ ಹುಗಿದರೆ ನಾಯಿ ಕೆದರುತ್ತವೆ. ಅತ್ತೆಯವರೇ ಹೇಳಿದರು, "ಹರಿಯೂ ನೀರಿಗೆ ಬಿಡು. ಹಳೀ ದೇವರ ಪಟ, ಬಾಸಿಂಗ, ಎಲ್ಲಾ ನೀರಿಗೆ ಬಿಡೂದಲ್ಲೇನು."

ಜಾಲಿಯ ಮರೆ ಇತ್ತು, ಯಾರಿಗೂ ಕಾಣುತ್ತಿರಲಿಲ್ಲ. ಎರಡು ದಿನಕ್ಕೊಮ್ಮೆ ಒಂದು ಚೀಲ ಕಟ್ಟಿ ಪೊದೆಯ ಕೆಳಗಿಂದ ಕಾಲುವೆಗೆ ತಳ್ಳಿ ಬರುತ್ತಿದ್ದೆ. ಪಾಳಿಯ ನೀರು ಬಂದಾಗ ತೇಲಿ ಹೋಗುತ್ತದೆ ಎಂದುಕೊಂಡೆ. ತೇಲಿ ಎಲ್ಲಿಗೆ ಹೋಗುತ್ತದೆಂದು ಯೋಚಿಸಲಿಲ್ಲ. ಇಷ್ಟೆಲ್ಲ ಚಿಂತೆ ಮಾಡುವವಳಿಗೆ ಆ ಒಂದು ಚಿಂತೆ ಯಾಕೆ ಬರಲಿಲ್ಲವೋ.

ಜನವರಿಯಲ್ಲಿ ನಮ್ಮ ಮರಿಗಾಲುವೆಗೆ ಐದು ದಿನದ ಪಾಳಿ ಸಿಕ್ಕಿತು, ಬುಧವಾರ ಬೆಳಿಗ್ಗೆಯಿಂದ ರವಿವಾರ ಸಂಜೆಯವರೆಗೆ. ಶುಕ್ರವಾರ ಬೆಳಿಗ್ಗೆಗೆ ನೀರು ಬಾಲ ಮುಟ್ಟಬೇಕಿತ್ತು. ಮುಟ್ಟಲಿಲ್ಲ. ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನವರೆಗೆ ನೀರು ಏರಿ ಬಂತು. ನಾನು ಕಿಟಕಿಯಿಂದ ನೋಡಿದೆ, ಹನ್ನೆರಡು ಹೆಜ್ಜೆ. ಮಾಯಾಳನ್ನು ಒಳಕೋಣೆಗೆ ಒಯ್ದು ತೊಟ್ಟಿಲಿಗೆ ಹಾಕಿದೆ.

ಅಷ್ಟರಲ್ಲಿ ಹೊರಗೆ ದನಿಗಳು. ಮತ್ತೆ ಕಿಟಕಿಗೆ ಬಂದೆ, ಪೊದೆಯ ಪಕ್ಕಕ್ಕೆ ಬಂಡಿದಾರಿ ಕಾಣುತ್ತಿತ್ತು. ಅಕ್ಬರಸಾಬ ಬಂಡಿದಾರಿಯ ಪೈಪಿನ ಬಾಯಿಯಲ್ಲಿ ಎದೆಮಟ್ಟ ನೀರಿನಲ್ಲಿ ನಿಂತಿದ್ದ. ಗುರುಲಿಂಗವ್ವ ದಂಡೆಯ ಮೇಲಿನಿಂದ ಬಿದಿರಿನ ಗಳಕ್ಕೆ ಕಟ್ಟಿದ ಕೊಕ್ಕೆಯನ್ನು ಇಳಿಬಿಟ್ಟಿದ್ದರು. ನೀರು ಉಕ್ಕಿ ತನ್ನ ಹೊಲಕ್ಕೂ ನುಗ್ಗುತ್ತದೇನೋ ಎಂದು ರಾಚಪ್ಪನೂ ಬಂದಿದ್ದ. ಎಲ್ಲರಿಗಿಂತ ಹಿಂದೆ ದಸ್ತಗೀರಬಿ ಕೈಕಟ್ಟಿ ನಿಂತಿದ್ದಳು. ಆಕೆ ಮಾತಾಡದೆ ನಿಂತದ್ದನ್ನು ನಾನು ಮೊದಲ ಸಲ ನೋಡಿದ್ದು.

ಕೊಕ್ಕೆಗೆ ಸಿಕ್ಕಿ ಒಂದು ಚೀಲ ಮೇಲೆ ಬಂತು, ಒಡೆಯಿತು. ಒಳಗೆ ಮಾಯಾಳ ಡೈಪರ್‌ಗಳು. ಒಂದೊಂದೂ ನೀರು ಕುಡಿದು ದಿಂಬಿನಷ್ಟಾಗಿದ್ದವು.

"ಇವೇನಪಾ, ವಡಿ ಉಬ್ಬಿದಂಗ ಉಬ್ಬ್ಯಾವ," ಎಂದ ರಾಚಪ್ಪ. ಗೊತ್ತಾದ ಮೇಲೆ ಮೂಗು ಮುಚ್ಚಿಕೊಂಡ. "ಥೂ. ಯಾರ ಮನೀ ಕೂಸಿಂದಲೇ ಇದು? ಊರಾಗ ಇಂಥಾವು ಹಾಕೂ ದೊಡ್ಡ ಮಂದಿ ಯಾರು?"

ಎಲ್ಲರ ಕಣ್ಣು ನಮ್ಮ ಮನೆಯ ಕಡೆ ತಿರುಗುವುದರಲ್ಲಿತ್ತು. ಗುರುಲಿಂಗವ್ವ ಗಳವನ್ನು ಮತ್ತೆ ನೀರಿಗೆ ಇಳಿಸುತ್ತ ಹೇಳಿದರು: "ಊರ ಕೂಸಿಂದು. ನಿನ್ನ ಕೈ ಮೂಗಿಗೆ ಬ್ಯಾಡ, ಗಳಕ್ಕ ಬೇಕು. ಹಿಡಿ."

ಇನ್ನೂ ನಾಲ್ಕೈದು ಚೀಲ ಬಂದವು. ಆಮೇಲೆ ಕೊಕ್ಕೆ ಎಲ್ಲಿಯೋ ಸಿಕ್ಕಿಕೊಂಡು ಅಲುಗಲಿಲ್ಲ. ಅಕ್ಬರಸಾಬ ಮುಳುಗಿ ಎದ್ದು ಬಾಯಿ ಒರೆಸಿಕೊಂಡ. "ಬೇರು ಮೀನಿನ ಬಲಿ ಹೆಣೆದಂಗ ಆಗ್ಯಾವಬೇ. ಅದರಾಗ ಉಳಿದಾವು ಸಿಕ್ಕಾವ. ಮ್ಯಾಲಿನ ಗಿಡಾ ಕಡದು ಬುಡಾ ಎಳದರನ ಬರ್ತೈತಿ. ಟ್ರ್ಯಾಕ್ಟರ್ ತರ್ತೇನಿ."

"ತಾ ಮತ್ತ. ಕೊಡ್ಲಿ ನಂದ ಐತಿ," ಎಂದ ರಾಚಪ್ಪ.

"ತಡಿ. ಕೇಳಬೇಕು," ಎಂದರು ಗುರುಲಿಂಗವ್ವ.

"ಯಾರನ್ನ ಕೇಳೂದು? ಕಾಲುವಿ ಸರಕಾರದ್ದು, ಜಾಲಿ ಸರಕಾರದ್ದು."

"ಜಾಲಿ ಸರಕಾರದ್ದು. ಮಾತು ನಂದು."

ಅವರು ಹಿತ್ತಲ ನೀರು ತುಳಿದುಕೊಂಡು ಬಂದು ನಮ್ಮ ಬಾಗಿಲ ಮುಂದೆ ನಿಂತರು. ಚಿಲಕ ತೆಗೆದೆ. ಸೊಂಟದವರೆಗೆ ಒದ್ದೆಯಾಗಿದ್ದರು, ತುಟಿ ಚಳಿಗೆ ನೀಲಿಯಾಗಿತ್ತು. ಒಳಗೆ ಬನ್ನಿ ಎಂದರೆ ಬರಲಿಲ್ಲ.

"ಪದ್ಮಶ್ರೀ, ಜಾಲಿ ಕಡೀಬೇಕಾಗೇತಿ. ನೀ ಹೂಂ ಅಂದ್ರ ಕಡೀತೇವಿ. ಒಲ್ಲೆ ಅಂದ್ರ ಬ್ಯಾರೆ ದಾರಿ ನೋಡ್ತೇವಿ."

"ಬ್ಯಾರೆ ದಾರಿ ಐತೇನ್ರಿ ಅವ್ವಾರ?"

"ಇಲ್ಲ," ಎಂದರು.

ಹಿಂದೆ ದೂರದಲ್ಲಿ ದಸ್ತಗೀರಬಿ ಕಾಣುತ್ತಿದ್ದಳು, ಹಾಗೇ ಕೈಕಟ್ಟಿಕೊಂಡು. ಆಕೆಯ ಸಸಿಗಳ ತುದಿ ಹಳದಿಯಾಗಿವೆ ಎಂದು ಎರಡು ದಿನದ ಹಿಂದೆ ಅತ್ತೆಯವರ ಮುಂದೆ ಹೇಳಿ ಹೋಗಿದ್ದಳು. ಪಾಳಿ ಮುಗಿಯಲು ಉಳಿದದ್ದು ಎರಡೂವರೆ ದಿನ. ಮುಂದಿನ ಪಾಳಿ ಯಾವಾಗಲೋ, ಬರುತ್ತದೋ ಇಲ್ಲವೋ.

"ಅವ್ವಾರ, ಆ ಚೀಲಾ ನಮ್ಮನೀವು," ಎಂದೆ.

"ಗೊತ್ತೈತಿ. ಮೂರು ಸೋಮವಾರದಿಂದ ತಗ್ಯಾಕ ಹತ್ತೇನಿ. ಇಷ್ಟು ಒಳಗ ಹೋಗ್ಯಾವಂತ ಗೊತ್ತಿರಲಿಲ್ಲ, ಅದು ನಂದೂ ತಪ್ಪ."

"ಮತ್ತ ನನಗ ಯಾಕ ಹೇಳಲಿಲ್ರಿ?"

"ಏನಂತ ಹೇಳ್ಲಿ? ಮೊದಲ ಅಂಜಿಕೊಂಡು ಕುಂತಾಕಿ. ಹೇಳಿದ್ರ ಇನ್ನೊಂದು ಚಿಲಕ ಹಾಕ್ಕೊಂಡು ಕುಂದರ್ತಿದ್ದಿ. ನೀನ ಒಂದಿನ ಹೊರಗ ಬರ್ತಿ, ಆವಾಗ ಮಾತಾಡಿದರಾತು ಅಂದ್ಕೊಂಡೆ. ಸುಡಬಾರದು ಅಂತ ನಿಮ್ಮತ್ತಿ ಹೇಳ್ಯಾಳೋ ಇಲ್ಲೋ?"

ಹೌದೆಂದು ತಲೆಯಾಡಿಸಿದೆ.

"ನಾನೂ ನನ್ನ ಮಕ್ಕಳವು ಒಂದೂ ಸುಟ್ಟಿಲ್ಲ. ಒಗದೇನಿ. ಹಗಲ ಹಳೀ ಸೀರಿ ಅರಬಿ ಕಟ್ಟು, ಒಗಿ. ರಾತ್ರಿದೊಂದು ಉಳೀತೈತಿ, ಅದನ್ನ ಕಾಗದದಾಗ ಸುತ್ತಿ ಗಾಡಿಗೆ ಕೊಡು. ಗಾಡಿ ಓಡಸಾಕಿನ ಕೇಳೇನಿ, ಅವನ್ನ ಸುಡಂಗಿಲ್ಲಂತ, ಬಾಗಲಕೋಟಿಗೆ ಕಳಸ್ತಾರಂತ."

ನನಗಿಂತ ಮೊದಲು, ನನ್ನ ಹೆಸರು ಹೇಳದೆ, ನನ್ನ ಸಲುವಾಗಿ ಹೋಗಿ ವಿಚಾರಿಸಿ ಬಂದಿದ್ದರು. ಬುದ್ಧಿಮಾತು ಹೇಳುವವರು ನನಗೆ ಬೇಕಾದಷ್ಟು ಸಿಕ್ಕಿದ್ದಾರೆ. ನನ್ನ ಮೂಢ ಭಯವನ್ನು ಭಯವೆಂದೇ ಒಪ್ಪಿಕೊಂಡು ಅದಕ್ಕೆ ದಾರಿ ಹುಡುಕಿದವರು ಅವರೊಬ್ಬರೇ.

"ಕಡೀರಿ ಅವ್ವಾರ," ಎಂದೆ. ಅಂದ ಕೂಡಲೇ ತೊಟ್ಟಿಲ ಕಡೆಗೆ ತಿರುಗಿದೆ. "ನನ್ನ ಕೂಸು?"

"ಸಂಜಿಯೊಳಗ ಬೇಲಿ ಹಾಕಿಸ್ತೇನಿ. ಅಲ್ಲೀಮಟ ಇಲ್ಲಿ ಒಬ್ಬಾಕಿನ ಕುಂದರಸ್ತೇನಿ." ಅವರು ತಿರುಗಿ ಕೂಗಿದರು, "ದಸ್ತಗೀರಬಿ, ಬಾ ಇಲ್ಲಿ. ಈ ಮೆಟ್ಟಲ ಮ್ಯಾಲ ಕುಂದರು. ಕೂಸು ಇತ್ತಾಗ ಬಂದ್ರ ಹಿಡಿ."

ದಸ್ತಗೀರಬಿ ಬಂದು ನಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತಳು. ಮಾಯಾಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ನಾನು ಆಕೆಯ ಮುಖ ನೋಡಲಾರದೆ, ಚೀಲಗಳು ನಮ್ಮವೆಂದು ಆಕೆಗೂ ಹೇಳಿದೆ.

"ಹೇಳಬೇಕೇನು? ಪೈಪಿನ ಬಾಯಿ ನಿಮ್ಮ ಹಿತ್ತಲಿಗೇ ಐತಿ," ಎಂದಳು. ಮಾಯಾಳ ಗಲ್ಲ ಹಿಂಡಿದಳು. "ಏನಬೇ ಹುಡುಗಿ, ನನ್ನ ಉಳ್ಳಾಗಡ್ಡಿ ನೀರೆಲ್ಲಾ ನೀನ ಕುಡದಿಯೇನು? ಹೊಟ್ಟಿ ನೋಡು, ಕೊಡದಂಗ ಐತಿ."

ಸೀರೆಯ ಸೆರಗು ಸಿಕ್ಕಿಸಿಕೊಂಡು ನಾನೂ ಹೊರಗೆ ಹೋದೆ. ರಾಚಪ್ಪ ಇನ್ನೂ ಗೊಣಗುತ್ತಿದ್ದ. ಅವನೆದುರಿಗೂ ಹೇಳಿದೆ, "ಅವು ನಮ್ಮ ಮನೀವು ರೀ. ನಂದ ತಪ್ಪು." ಅವನು ಏನೋ ಹೇಳಲು ಬಾಯಿ ತೆರೆದ. ಗುರುಲಿಂಗವ್ವ ಗಳದ ತುದಿಯಿಂದ ದಂಡೆಯ ಮೇಲಿನ ರಾಶಿಯನ್ನು ಎರಡು ಪಾಲು ಮಾಡಿದರು.

"ಹಸರ ಅಂಚಿನ್ವು ಈಕೀ ಮನೀವು. ಈ ಗುಲಾಬಿ ಅಂಚಿನ್ವು ತಲೀ ಕಡೆಯಿಂದ ತೇಲಿ ಬಂದಾವ. ನಿನ್ನ ತಂಗಿ ಬಾಣಂತನಕ್ಕ ಬಂದು ಎಷ್ಟು ತಿಂಗಳಾತು ರಾಚಪ್ಪ?"

ಅಕ್ಬರಸಾಬ ಮುಖ ಆಚೆ ತಿರುಗಿಸಿಕೊಂಡು ಕೆಮ್ಮಿದ. ರಾಚಪ್ಪ ಕೊಡಲಿ ತೆಗೆದುಕೊಂಡು ಜಾಲಿಯ ಬುಡಕ್ಕೆ ಹೋದ. ಮಧ್ಯಾಹ್ನದವರೆಗೆ ಒಂದು ಮಾತಾಡದೆ ಕಡಿದ. ಅಷ್ಟು ಚೆನ್ನಾಗಿ ಯಾರೂ ಕಡಿಯಲಿಲ್ಲ.

ಬುಡಕ್ಕೆ ಸರಪಳಿ ಹಾಕಿ ಟ್ರ್ಯಾಕ್ಟರಿನಿಂದ ಎಳೆದಾಗ ಬೇರಿನ ಜಡೆ ಪೈಪಿನಿಂದ ಹೊರಬಂತು, ಅದರಲ್ಲಿ ಸಿಕ್ಕಿಕೊಂಡ ಚೀಲಗಳ ಸಮೇತ. ನೀರು ಒಂದು ಕ್ಷಣ ನಿಂತ ಹಾಗೆ ಮಾಡಿ ಪೈಪಿನೊಳಗೆ ನುಗ್ಗಿತು. ಹಿತ್ತಲ ನೀರು ಇಳಿಯಿತು. ಬಾಗಿಲಿನಿಂದ ಕಾಲುವೆ ಈಗ ನೇರವಾಗಿ ಕಾಣುತ್ತಿತ್ತು. ನನಗೆ ಆ ಕಡೆ ನೋಡಲು ಧೈರ್ಯವಾಗಲಿಲ್ಲ. ಗುರುಲಿಂಗವ್ವ ಹೇಳಿದ ಹಾಗೆಯೇ ಮಾಡಿದರು: ಕಡಿದ ಜಾಲಿಯ ಮುಳ್ಳುಕೊಂಬೆಗಳನ್ನೇ ಹೊತ್ತು ತಂದು, ಹಿತ್ತಲ ಅಂಚಿಗೆ ಗೂಟ ಬಡಿದು, ಸೊಂಟದೆತ್ತರ ಮುಳ್ಳುಬೇಲಿ ಹೆಣೆದರು. ಇರುಳಾಗುವ ಮೊದಲು ಮುಗಿಯಿತು. ದಸ್ತಗೀರಬಿ ಮೆಟ್ಟಿಲಿನಿಂದ ಎದ್ದದ್ದು ಆಮೇಲೆಯೇ. ಸಸಿ ಒಣಗುತ್ತಿದ್ದ ಹೆಂಗಸು ನನ್ನ ಮಗಳನ್ನು ಕಾಯುತ್ತ ಇಡೀ ದಿನ ಕುಳಿತಿದ್ದಳು. ಅವಳ ಕಾಲು ಜೋಮು ಹಿಡಿದಿತ್ತು.

ನೀರು ಪೈಪು ದಾಟಿದ ಮಾತ್ರಕ್ಕೆ ಬಾಲ ಮುಟ್ಟಲಿಲ್ಲ. ಆರು ವರ್ಷ ಒಣಗಿದ ಕಾಲುವೆ ಮೊದಲು ತಾನು ಕುಡಿಯುತ್ತದೆ. ಶನಿವಾರವೆಲ್ಲ ಗುರುಲಿಂಗವ್ವ ನೀರಿನ ಮುಂದೆ ನಡೆದರಂತೆ, ಎಲ್ಲಿ ಬಿರುಕು ಬಿಟ್ಟಿದೆಯೋ ಅಲ್ಲಿ ಮಣ್ಣು ಒತ್ತುತ್ತ. ರವಿವಾರ ಮೂರು ಗಂಟೆಗೆ ಅಕ್ಬರಸಾಬ ನಮ್ಮ ಮನೆಯ ಮುಂದೆ ಟ್ರ್ಯಾಕ್ಟರು ನಿಲ್ಲಿಸಿ, "ತಂಗಿ, ಮುಟ್ಟೇತಿ. ನೋಡಾಕ ಬರ್ತಿಯೇನು?" ಎಂದ. ಅಂದು ಗಂಡನಿಗೆ ರಜೆ. ಟ್ರ್ಯಾಕ್ಟರಿನ ಮೇಲೆ ಮಗುವನ್ನು ಕೂರಿಸುವುದು ಬೇಡವೆಂದು ನಾನು ಹಟ ಹಿಡಿದೆ. ಮೂವರೂ ನಡೆದೇ ಹೋದೆವು.

ದಸ್ತಗೀರಬಿ ಸಲಿಕೆ ಹಿಡಿದು ಮಡಿಯಿಂದ ಮಡಿಗೆ ನೀರು ತಿರುಗಿಸುತ್ತಿದ್ದಳು. ನೀರಿನ ಜತೆಗೇ ಮಾತಾಡುತ್ತಿದ್ದಳು: "ಬಾ, ಈ ಕಡೆ ಬಾ, ಅವಸರ ಮಾಡಬ್ಯಾಡ." ತೆಳ್ಳಗೆ, ಕೆಂಪಗೆ, ಕಡ್ಡಿ ಕಸ ದೂಡಿಕೊಂಡು ನೀರು ಬರುತ್ತಿತ್ತು. ಒಂದು ಮಡಿ ತುಂಬಿತು, ಎರಡು ತುಂಬಿತು. ಗುರುಲಿಂಗವ್ವ ಬದುವಿನ ಮೇಲೆ ಕುಳಿತು ಪಾದದ ಮುಳ್ಳು ತೆಗೆದುಕೊಳ್ಳುತ್ತಿದ್ದರು. ಆರನೆಯ ಮಡಿ ಅರ್ಧ ತುಂಬಿದಾಗ ನೀರಿನ ಎಳೆ ಸಣ್ಣಗಾಯಿತು. ಮೇಲೆ, ದೊಡ್ಡ ಕಾಲುವೆಯ ತೂಬು ಮುಚ್ಚಿದ್ದರು. ಪಾಳಿ ಮುಗಿದಿತ್ತು.

ಆರನೆಯದು ತುಂಬಿತು, ನೀರು ನಿಂತಿತು. ನಾಲ್ಕು ಮಡಿ ಒಣ.

ಗುರುಲಿಂಗವ್ವ ಎದ್ದು ಬಂದರು. ಅವರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ನೋಡಿರಲಿಲ್ಲ. "ದಸ್ತಗೀರಬಿ, ನಾ ಹೇಳಿದ್ದು ಪೂರಾ ಆಗಲಿಲ್ಲ ತಂಗಿ," ಎಂದರು.

ದಸ್ತಗೀರಬಿ ಸಲಿಕೆ ಊರಿ ನಿಂತಳು. "ಯಕ್ಕಾ, ನಿನಗ ಕಣ್ಣು ಕಾಣಂಗಿಲ್ಲೇನು? ಕಾಲುವ್ಯಾಗ ಹಣಿಕಿ ಹಾಕು."

ನಾವೆಲ್ಲ ಇಣುಕಿ ನೋಡಿದೆವು. ಹರಿವು ನಿಂತಿತ್ತು. ಆದರೆ ಕೊನೆಯ ಆ ತುಂಡಿನಲ್ಲಿ, ಅವರು ಎರಡು ವರ್ಷ ಸೋಮವಾರ ಸೋಮವಾರ ಹೂಳು ಎತ್ತಿ ತಗ್ಗು ಮಾಡಿದ ಆ ಜಾಗದಲ್ಲಿ, ನೀರು ಎಲ್ಲಿಗೂ ಹೋಗಿರಲಿಲ್ಲ. ಮೊಣಕಾಲುದ್ದ ನಿಂತಿತ್ತು.

"ಕೊಡಾ ತರ್ರಿ," ಎಂದಳು ದಸ್ತಗೀರಬಿ. "ಅಕ್ಬರ, ನಿನ್ನ ಡೀಜಲ್ ಡಬ್ಬಿ ಬ್ಯಾಡಪಾ, ಉಳ್ಳಾಗಡ್ಡಿ ನಾರತಾವ. ಮನ್ಯಾಗಿಂದ ಬಕೀಟು ತಾ."

ನನ್ನ ಗಂಡ ಮಾಯಾಳನ್ನು ಎತ್ತಿಕೊಂಡು ಬದುವಿನ ಮೇಲೆ ನಿಂತರು. ನಾನು ಚಪ್ಪಲಿ ಬಿಟ್ಟು ಕಾಲುವೆಗೆ ಇಳಿದೆ. ನೀರು ತಣ್ಣಗಿತ್ತು, ಕಾಲಡಿಯ ಮಣ್ಣು ಮೇಲೆ ಮೆತ್ತಗೆ, ಕೆಳಗೆ ಗಟ್ಟಿಯಾಗಿತ್ತು. ಒಂದು ಚೀಲವಾಗಲಿ ಮುಳ್ಳಾಗಲಿ ತಾಗಲಿಲ್ಲ. ಒಬ್ಬರ ಕೈಯಿಂದ ಒಬ್ಬರಿಗೆ ಕೊಡ ಹೋಗತೊಡಗಿತು. ನನ್ನ ಕೈಯಿಂದ ಗುರುಲಿಂಗವ್ವನ ಕೈಗೆ, ಅವರ ಕೈಯಿಂದ ದಸ್ತಗೀರಬಿಯ ಕೈಗೆ. ಹೊತ್ತು ಮುಳುಗುವ ಹೊತ್ತಿಗೆ ರಾಚಪ್ಪನ ಮೋಟಾರ್ ಸೈಕಲ್ ಬಂದು ನಿಂತಿತು, ಹಿಂದೆ ಕಟ್ಟಿದ್ದ ಎರಡು ಕೊಡಗಳ ಸಮೇತ. ಅವನು ನನ್ನ ಪಕ್ಕಕ್ಕೆ ಇಳಿದು, "ಸರಿ ತಂಗಿ, ಒಂಚೂರು," ಎಂದು ಕೊಡ ಅದ್ದಿದ.

ಹತ್ತನೆಯ ಮಡಿಗೆ ಹಾಕಿದ್ದು ಹರಿದ ನೀರಿನಷ್ಟು ಆಗಲಿಲ್ಲ. ಬೇರು ನೆನೆಯುವಷ್ಟು ಆಯಿತು. ದಸ್ತಗೀರಬಿ ಕುಕ್ಕರಗಾಲಿನಲ್ಲಿ ಕುಳಿತು ಒಂದು ಸಸಿಯ ಬುಡಕ್ಕೆ ಬೆರಳು ಚುಚ್ಚಿ ನೋಡಿದಳು, ಗೆಣ್ಣಿನವರೆಗೆ ಒದ್ದೆ.

"ಹಿಡೀತೈತಿ ಯಕ್ಕಾ," ಎಂದಳು.

ಗುರುಲಿಂಗವ್ವ ಮತ್ತೊಂದು ಕಡೆ ತಾವೂ ಬೆರಳು ಚುಚ್ಚಿ ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಕೊಡವನ್ನು ಇಸಿದುಕೊಂಡು, ಇನ್ನೊಂದು ಸಾಲಿಗೆ ಸುರಿದರು.